ಬೋರ್ಡಿಗೆ ‘ಪ್ರೈವೇಟ್ ಲಿಮಿಟೆಡ್’ ಬರೆಸುವ ಮುಂಚೆ

ಕಲಬುರಗಿಯಲ್ಲಿ ಕಂಪನಿ ನೋಂದಣಿ ಮತ್ತು ಲೆಕ್ಕಪತ್ರದ ಕೆಲಸ ನನ್ನದು. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಮಂದಿ ಮನೆಯವರೇ ಸೇರಿಕೊಂಡು ಹೊಸ ಧಂದೆ ಹಾಕುವವರು. ಅಣ್ಣ-ತಮ್ಮ, ಮಾವ-ಅಳಿಯ, ಗಂಡ-ಹೆಂಡತಿ. ದಾಲ್ ಮಿಲ್, ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ, ಸೋಲಾರ್ ಪಂಪ್‌ಸೆಟ್, ಹೀಗೆ. ಕುಳಿತ ಕೂಡಲೇ ಬರುವ ಮಾತು ಒಂದೇ: “ಪ್ರೈವೇಟ್ ಲಿಮಿಟೆಡ್ ಮಾಡಿಕೊಡ್ರಿ ಸರ್, ನಾಳೆ ಸಾಲ-ಗೀಲ ಆದ್ರ ಮನಿಮ್ಯಾಲ ಬರಬಾರ್ದು.”

ಅವರ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಈ ರಕ್ಷಣೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದು ನೋಂದಣಿಗೆ ಮುಂಚೆಯೇ ಗೊತ್ತಿರಬೇಕು.

ನಮ್ಮ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಪಾಲುದಾರಿಕೆ ಫರ್ಮ್‌ಗಳೇ ಜಾಸ್ತಿ. ಅವು ನಡೆಯುವುದು 1932ರ ಕಾಯ್ದೆಯ ಪ್ರಕಾರ. ಫರ್ಮ್ ಮಾಡಿದ ಪೂರ್ತಿ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಹೊಣೆ. ಒಬ್ಬ ಉದ್ರಿ ತೊಗರಿ ತಂದು ಕೈಎತ್ತಿದರೆ, ಸಾಲ ಕೊಟ್ಟವರು ಇನ್ನೊಬ್ಬನ ಹೊಲ-ಮನೆಯ ತನಕ ಬರಬಹುದು. ಕಂಪನಿಯಲ್ಲಿ ಹಾಗಿಲ್ಲ. ನೀವು 50,000 ರೂಪಾಯಿ ಶೇರು ತಗೊಂಡು ಆ ದುಡ್ಡು ಕಟ್ಟಿದ್ದರೆ, ಶೇರುದಾರರಾಗಿ ನಿಮ್ಮ ಹೊಣೆ ಅಲ್ಲಿಗೆ ಮುಗಿಯಿತು. ಮಾಲು ಕೊಟ್ಟವರು ಕೇಳಬೇಕಾದದ್ದು ಕಂಪನಿಯನ್ನು. ಉದ್ರಿ ಮೇಲೆ ನಡೆಯುವ ನಮ್ಮ ಕಡೆಯ ವ್ಯಾಪಾರಕ್ಕೆ ಇದು ದೊಡ್ಡ ಆಸರೆ, ಸುಳ್ಳಲ್ಲ.

ಬ್ಯಾಂಕಿನ ಬಾಗಿಲಿಗೆ ಹೋದಾಗ ಮಾತ್ರ ಕಥೆ ಬೇರೆ. ಸಣ್ಣ ಹೊಸ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕಿನವರು ಸಾಮಾನ್ಯವಾಗಿ ಡೈರೆಕ್ಟರುಗಳ ಸ್ವಂತ ಗ್ಯಾರಂಟಿ ಕೇಳುತ್ತಾರೆ, ಅಂದರೆ ಕಂಪನಿ ಕಟ್ಟದಿದ್ದರೆ ನಾವೇ ಕಟ್ಟುತ್ತೇವೆ ಎಂಬ ಬರಹ. ಎಷ್ಟೋ ಸಲ ಮನೆಯ ಕಾಗದವನ್ನೂ ಕೇಳುತ್ತಾರೆ. ಆ ಗ್ಯಾರಂಟಿಗೆ ಸಹಿ ಹಾಕಿದ ಮೇಲೆ, ಆ ಸಾಲದ ಮಟ್ಟಿಗೆ ‘ಲಿಮಿಟೆಡ್’ ಅನ್ನುವ ಪದ ನಿಮ್ಮನ್ನು ಕಾಯುವುದಿಲ್ಲ. ಸಾಲದ ಕಾಗದಗಳ ಕಟ್ಟಿನಲ್ಲಿ ಆ ಗ್ಯಾರಂಟಿಯೂ ಒಂದು ಹಾಳೆ ಅಷ್ಟೇ. ಹೆಂಡತಿ ಡೈರೆಕ್ಟರ್ ಆಗಿದ್ದರೆ ಅವರ ಸಹಿಯೂ ಬೀಳುತ್ತದೆ, ಏನು ಬರೆದಿದೆ ಅಂತ ಅವರಿಗೆ ಯಾರೂ ಓದಿ ಹೇಳಿರುವುದಿಲ್ಲ. ಇದನ್ನು ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಈಗ ನಾನು ಹೆಣ್ಣುಮಕ್ಕಳನ್ನು ಎದುರಿಗೆ ಕೂಡಿಸಿಕೊಂಡು, “ಅಕ್ಕಾರ, ಇದಕ್ಕ ಸಹಿ ಹಾಕಿದ್ರ ಸಾಲ ನಿಮ್ಮ ಹೆಸರಿಗೂ ಬರ್ತದ” ಅಂತ ಬಿಡಿಸಿ ಹೇಳಿಯೇ ಮುಂದಿನ ಕೆಲಸ ಹಿಡಿಯುವುದು.

ಕಂಪನಿಯ ಚೆಕ್ ಬೌನ್ಸ್ ಆದರೆ ವ್ಯವಹಾರ ನೋಡಿಕೊಳ್ಳುವ ಡೈರೆಕ್ಟರ್ ಮೇಲೂ ಕೇಸು ಬೀಳಬಹುದು. ತೆರಿಗೆ ಬಾಕಿ ಉಳಿದು ಕಂಪನಿಯಿಂದ ವಸೂಲಾಗದಿದ್ದರೆ ಡೈರೆಕ್ಟರುಗಳನ್ನು ಕೇಳಲು ಕಾಯ್ದೆಯಲ್ಲಿ ದಾರಿ ಇದೆ. ಇವೆರಡನ್ನೂ ನೆನಪಿಟ್ಟುಕೊಳ್ಳಿ.

ಇನ್ನು ದುಡ್ಡಿನ ವಿಷಯ. ಮಾವ-ಅಳಿಯ ಸೇರಿ ನಡೆಸುತ್ತಿದ್ದ ಒಂದು ಬೇಳೆ ವ್ಯಾಪಾರದ ಲೆಕ್ಕ ನೋಡಲು ಅಂಗಡಿಗೇ ಹೋಗಿದ್ದೆ. ಹೊರಗೆ ಕಂಪನಿಯ ಹೊಸ ಬೋರ್ಡು. ಒಳಗೆ ಗಲ್ಲೆಯ ಮೇಲೆ ತಕ್ಕಡಿಯ ಪಕ್ಕ ಅಂಟಿಸಿದ್ದ ಕ್ಯೂಆರ್ ಕೋಡ್ ಹಳೆಯದು, ಮಾವನ ಉಳಿತಾಯ ಖಾತೆಯದು. ಗಿರಾಕಿಗಳ ರೊಕ್ಕ ಅಲ್ಲಿಗೆ ಹೋಗುತ್ತಿತ್ತು. ರೈತರಿಗೆ ಕೊಡುವುದು ಕಂಪನಿ ಖಾತೆಯಿಂದ. ಅದೇ ಉಳಿತಾಯ ಖಾತೆಯಿಂದ ಮೊಮ್ಮಗನ ಶಾಲೆ ಫೀಸು, ಮನೆ ಸಿಮೆಂಟು. ಕೇಳಿದರೆ, “ಕಂಪನಿನೂ ನಮ್ದ, ರೊಕ್ಕನೂ ನಮ್ದ ಅಲ್ಲೇನ್ರೀ?” ಅಂದರು.

ಕಂಪನಿ ನಿಮ್ಮದು ಹೌದು, ರೊಕ್ಕ ಕಂಪನಿಯದು. ಲಂಡನ್ನಿನಲ್ಲಿ ಬೂಟು ತಯಾರಿಸುತ್ತಿದ್ದ ಸಾಲೊಮನ್ ಎಂಬಾತನ ಕೇಸಿನಲ್ಲಿ 1896ರಲ್ಲೇ ಇದು ತೀರ್ಮಾನವಾಗಿದೆ: ಕಂಪನಿ ಬೇರೆ ವ್ಯಕ್ತಿ, ಮಾಲೀಕ ಬೇರೆ ವ್ಯಕ್ತಿ. ಆ ತೀರ್ಪಿನ ಲಾಭ ಬೇಕಾದವರು ಅದರ ಕಟ್ಟುಪಾಡನ್ನೂ ಒಪ್ಪಬೇಕಲ್ವಾ? ಮನೆಗೆ ದುಡ್ಡು ಬೇಕಾದರೆ ಸಂಬಳ ಅಂತ ತಗೊಳ್ಳಿ, ಲಾಭ ಇದ್ದರೆ ಡಿವಿಡೆಂಡ್ (ಶೇರುದಾರರಿಗೆ ಹಂಚುವ ಲಾಭ) ಅಂತ ತಗೊಳ್ಳಿ. ಸುಮ್ನೆ ಎತ್ತಿಕೊಂಡರೆ ಅದು ಕಂಪನಿ ಡೈರೆಕ್ಟರಿಗೆ ಕೊಟ್ಟ ಸಾಲ ಆಗುತ್ತದೆ, ಅದಕ್ಕೆ ಕಾಯ್ದೆಯಲ್ಲಿ ಬಿಗಿ ಷರತ್ತುಗಳಿವೆ. ಆ ಅಂಗಡಿಯಲ್ಲಿ ಮೊದಲು ಮಾಡಿಸಿದ ಕೆಲಸ, ಆ ಕ್ಯೂಆರ್ ಸ್ಟಿಕರ್ ಕಿತ್ತು ಕಂಪನಿ ಖಾತೆಯದನ್ನು ಅಂಟಿಸಿದ್ದು. ಸಹಿಯೂ ಹಾಗೆಯೇ. ಚೆಕ್ಕಿಗೆ, ಕರಾರಿಗೆ ಕಂಪನಿಯ ಹೆಸರು ಮತ್ತು ‘ಡೈರೆಕ್ಟರ್’ ಎಂಬ ಮುದ್ರೆ ಇಲ್ಲದೆ ಬರೀ ಸಹಿ ಗೀಚಿದರೆ ಹೊಣೆ ನಿಮ್ಮ ತಲೆಗೇ ಬರಬಹುದು.

ನೋಂದಣಿ ಕೆಲಸ ಈಗ ಪೂರ್ತಿ ಆನ್‌ಲೈನ್. ಸ್ಪೈಸ್ ಪ್ಲಸ್ ಎಂಬ ಫಾರ್ಮ್ 2020ರಿಂದ ಇದೆ. ಪ್ಯಾನ್, ಟ್ಯಾನ್ (ತೆರಿಗೆ ಮುರಿದು ಕಟ್ಟುವವರ ನಂಬರು), ಪಿಎಫ್, ಇಎಸ್‌ಐ, ಬ್ಯಾಂಕ್ ಖಾತೆ ಎಲ್ಲ ಅದರ ಜೊತೆಗೇ ಆಗುತ್ತವೆ. ಇಬ್ಬರು ಶೇರುದಾರರು, ಇಬ್ಬರು ಡೈರೆಕ್ಟರುಗಳು ಬೇಕು, ಆ ಇಬ್ಬರೇ ಎರಡೂ ಆಗಬಹುದು. ಕನಿಷ್ಠ ಒಂದು ಲಕ್ಷ ಬಂಡವಾಳ ಬೇಕು ಎಂಬ ನಿಯಮ 2015ರಲ್ಲೇ ಹೋಯಿತು. ಅಧಿಕೃತ ಬಂಡವಾಳ (ಕಂಪನಿ ಹೆಚ್ಚೆಂದರೆ ಎಷ್ಟು ಮೊತ್ತದ ಶೇರು ಕೊಡಬಹುದೋ ಅದು) 15 ಲಕ್ಷದ ಒಳಗಿದ್ದರೆ ಕೇಂದ್ರದ ನೋಂದಣಿ ಶುಲ್ಕ ಇಲ್ಲ, ರಾಜ್ಯದ ಸ್ಟ್ಯಾಂಪ್ ಡ್ಯೂಟಿ ಇದೆ.

ಕೆಲಸ ತಡವಾಗುವುದು ಸಣ್ಣ ಸಣ್ಣ ಕಾಗದಗಳಿಂದ. ಆಫೀಸ್ ವಿಳಾಸಕ್ಕೆ ಎರಡು ತಿಂಗಳ ಒಳಗಿನ ಜೆಸ್ಕಾಂ ಕರೆಂಟ್ ಬಿಲ್ ಬೇಕು. ತಂದರೆ ಅದು ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ. ಮಾಲೀಕರ ಒಪ್ಪಿಗೆ ಪತ್ರಕ್ಕೆ ಯಾರು ಸಹಿ ಹಾಕಬೇಕು? ಮೊದಲು ಮೀಟರಿನ ಹೆಸರು ಬದಲಾಯಿಸಿಕೊಂಡು ಬನ್ನಿ. ಪ್ಯಾನಿನಲ್ಲಿ ಅಪ್ಪನ ಹೆಸರು ಸೇರಿದೆ, ಆಧಾರಿನಲ್ಲಿ ಅಡ್ಡಹೆಸರು ಸೇರಿದೆ ಅಂದರೆ ಅದನ್ನೂ ಮುಂಚೆಯೇ ಸರಿಮಾಡಿಸಿ.

ಹೆಸರಿನದು ಇನ್ನೊಂದು ಪೇಚು. ನಮ್ಮ ಊರಲ್ಲಿ ಎಲ್ಲರಿಗೂ ಶರಣಬಸವೇಶ್ವರರ ಹೆಸರೇ ಬೇಕು. ಭಕ್ತಿ ಸರಿ, ಆದರೆ ಮೊದಲೇ ಇರುವ ಕಂಪನಿಯ ಹೆಸರಿಗೆ ಹತ್ತಿರವಾದರೆ ಅರ್ಜಿ ವಾಪಸ್ ಬರುತ್ತದೆ. ಬೇರೆಯವರ ಟ್ರೇಡ್‌ಮಾರ್ಕ್‌ಗೆ ಹೋಲಬಾರದು. ದೇವರ ಹೆಸರಿನ ಜೊತೆ ನಿಮ್ಮದೇ ಅನ್ನಿಸುವ ಒಂದು ಪದ ಸೇರಿಸಿ, ಎರಡು ಹೆಸರು ತಯಾರಿಟ್ಟುಕೊಳ್ಳಿ. ಆಮೇಲೆ ಬೋರ್ಡು ಬರೆಸುವಾಗ ಕನ್ನಡದಲ್ಲೂ ಇರಲಿ. ಸ್ಥಳೀಯ ಭಾಷೆಯ ಲಿಪಿಯಲ್ಲಿ ಹೆಸರು ಇರಬೇಕು ಅಂತ ಕಂಪನಿ ಕಾಯ್ದೆಯೇ ಹೇಳುತ್ತದೆ.

ಸರ್ಟಿಫಿಕೇಟ್ ಕೈಗೆ ಬಂದ ದಿನ ಪೇಢೆ ಹಂಚುತ್ತಾರೆ, ಖುಷಿಯ ವಿಷಯವೇ. ಆ ದಿನದಿಂದ 30 ದಿನದೊಳಗೆ ಆಡಿಟರ್ ನೇಮಕವಾಗಬೇಕು. ಶೇರಿನ ದುಡ್ಡು ಕಂಪನಿ ಖಾತೆಗೆ ಕಟ್ಟಿ, 180 ದಿನದೊಳಗೆ ವ್ಯಾಪಾರ ಶುರುವಿನ ಘೋಷಣೆ ಸಲ್ಲಿಸಬೇಕು. ವ್ಯಾಪಾರ ಒಂದು ರೂಪಾಯಿ ಆಗದಿದ್ದರೂ ಪ್ರತಿ ವರ್ಷ ಆಡಿಟ್ ಇದೆ, ಲೆಕ್ಕಪತ್ರ ಮತ್ತು ವಾರ್ಷಿಕ ರಿಟರ್ನ್ ಎಂಬ ಎರಡು ಫಾರ್ಮ್ ಇವೆ. ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಎರಡಕ್ಕೂ ವರ್ಷ ತಡವಾದರೆ 73,000 ರೂಪಾಯಿ, ಅದೂ ಏನೂ ಗಳಿಸದ ಕಂಪನಿಗೆ.

ಹಾಗಾಗಿ ಎಲ್ಲರಿಗೂ ಪ್ರೈವೇಟ್ ಲಿಮಿಟೆಡ್ ಮಾಡಿ ಅಂತ ನಾನು ಹೇಳುವುದಿಲ್ಲ. ಮನೆಯಲ್ಲೇ ರೊಟ್ಟಿ ಮಾಡಿ ಮಾರುವ ಇಬ್ಬರು ಅಕ್ಕ-ತಂಗಿಯರಿಗೆ ಪಾಲುದಾರಿಕೆಯ ಇನ್ನೊಂದು ರೂಪವಾದ ಎಲ್‌ಎಲ್‌ಪಿ ಸಾಕು. ಅಲ್ಲೂ ಹೊಣೆಗೆ ಮಿತಿ ಇದೆ. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ದಾಟುವ ತನಕ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಇಲ್ಲ. ಒಬ್ಬರೇ ಇದ್ದರೆ ಒಬ್ಬರ ಕಂಪನಿಯೂ ಉಂಟು. ಹೊರಗಿನವರಿಂದ ಬಂಡವಾಳ ತಂದು ಶೇರು ಕೊಡುವ ಯೋಚನೆ ಇರುವವರಿಗೆ ಪ್ರೈವೇಟ್ ಲಿಮಿಟೆಡ್ಡೇ ಸರಿ.

ಧಂದೆ ನಡೆಯಲಿಲ್ಲ ಅಂದರೆ ಕಂಪನಿಯನ್ನು ಹಾಗೇ ಬಿಟ್ಟು ಹೋಗಬೇಡಿ. ಸತತ ಮೂರು ವರ್ಷ ಆ ವಾರ್ಷಿಕ ಫಾರ್ಮ್ ಹಾಕದಿದ್ದರೆ ಡೈರೆಕ್ಟರುಗಳು ಆ ಹುದ್ದೆಗೆ ಐದು ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ದೇಶದಲ್ಲಿ ಲಕ್ಷಾಂತರ ಮಂದಿ ಹೀಗೆ ಅನರ್ಹರಾದರು. ಬಾಕಿ ತೀರಿಸಿ, 10,000 ರೂಪಾಯಿ ಶುಲ್ಕ ಕಟ್ಟಿ, ನೋಂದಣಿ ಪಟ್ಟಿಯಿಂದ ಕಂಪನಿಯ ಹೆಸರು ತೆಗೆಸಲು ಅರ್ಜಿ ಹಾಕಬಹುದು.