ಹುಳಿ ಬಿಯರ್‌ಗೆ ಪಾತ್ರೆ ಆರಿಸುವಾಗ ಮುಚ್ಚಳವನ್ನೂ ನೋಡಿ

ಹನ್ನೊಂದು ತಿಂಗಳು ಕಾದು ಇಟ್ಟ ಹುಳಿ ಬಿಯರ್. ಬಕೆಟ್‌ನ ಮುಚ್ಚಳ ತೆಗೆದ ತಕ್ಷಣ ಮೂಗಿಗೆ ಹೊಡೆದದ್ದು ನೈಲ್ ಪಾಲಿಶ್ ವಾಸನೆ. ಒಂದು ಗುಟುಕು ಕುಡಿದರೆ ಗಂಟಲು ಉರಿಯಿತು. 20 ಲೀಟರನ್ನೂ ಮೋರಿಗೆ ಸುರಿದೆ. ತುಂಬಾ ಬೇಜಾರಾಯಿತು, ಯಾಕೆಂದರೆ ಮಾಲ್ಟ್ ಚೆನ್ನಾಗಿತ್ತು, ಯೀಸ್ಟ್ ಚೆನ್ನಾಗಿತ್ತು, ನಾನು ಎಡವಿದ್ದು ಪಾತ್ರೆಯಲ್ಲಿ.

ಮಾಮೂಲಿ ಬಿಯರ್ ಎರಡು ಮೂರು ವಾರದಲ್ಲಿ ಹುದುಗಿ ಮುಗಿಯುತ್ತದೆ. ಅದಕ್ಕೆ ಪ್ಲಾಸ್ಟಿಕ್ ಬಕೆಟ್ ಧಾರಾಳವಾಗಿ ಸಾಕು. ಹುಳಿ ಬಿಯರ್ ಹಾಗಲ್ಲ, ಒಂದು ವರ್ಷ, ಎರಡು ವರ್ಷ ಕೂರುತ್ತದೆ. ಬೆಲ್ಜಿಯಂನ ಹುಳಿ ಬಿಯರ್ ಲ್ಯಾಂಬಿಕ್ ಮೂರು ವರ್ಷದವರೆಗೂ ಪೀಪಾಯಿಯಲ್ಲೇ ಇರುತ್ತದೆ. ಅಷ್ಟು ಕಾಲದಲ್ಲಿ ಬಕೆಟ್‌ನ ಗೋಡೆಯಿಂದಲೇ ಆಮ್ಲಜನಕ ನಿಧಾನವಾಗಿ ನುಸುಳುತ್ತದೆ, ಮುಚ್ಚಳದ ಅಂಚಿನಿಂದಲೂ ಬರುತ್ತದೆ. ಗಾಳಿ ಸಿಕ್ಕರೆ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸುಮ್ನೆ ಇರುವುದಿಲ್ಲ, ಆಲ್ಕೋಹಾಲನ್ನು ವಿನೆಗರ್ ಮಾಡಿಬಿಡುತ್ತದೆ. ಹುಳಿ ಬಿಯರ್‌ನಲ್ಲಿರುವ ಕಾಡು ಯೀಸ್ಟ್ ಬ್ರೆಟ್ಟನೊಮೈಸಿಸ್ ಕೂಡ ಗಾಳಿ ಜಾಸ್ತಿಯಾದರೆ ವಿನೆಗರ್‌ನಲ್ಲಿರುವ ಅದೇ ಅಸಿಟಿಕ್ ಆಮ್ಲ ಬಿಡುತ್ತದೆ. ಆ ನೈಲ್ ಪಾಲಿಶ್ ವಾಸನೆ, ಈ ಆಮ್ಲ ಆಲ್ಕೋಹಾಲ್ ಜೊತೆ ಸೇರಿ ಆಗುವ ಈಥೈಲ್ ಅಸಿಟೇಟ್‌ನದ್ದು. ನಮಗೆ ಬೇಕಾದ ಮೆದು ಹುಳಿ ಕೊಡುವ ಬ್ಯಾಕ್ಟೀರಿಯಾಗಳಾದ ಲ್ಯಾಕ್ಟೋಬ್ಯಾಸಿಲಸ್, ಪೆಡಿಯೋಕಾಕಸ್‌ಗಳಿಗೆ ಗಾಳಿಯೇ ಬೇಡ.

ಹಾಗಾದರೆ ಓಕ್ ಪೀಪಾಯಿಯೇ ಸರಿ ಅಲ್ವಾ ಅಂತ ಅನ್ನಿಸುತ್ತದೆ. ನನಗೂ ಆಸೆ ಇತ್ತು. ಆದರೆ ವೈನ್‌ನವರು ಬಳಸುವ 225 ಲೀಟರ್ ಪೀಪಾಯಿಯೇ ಬೇರೆ, ಮನೆಗೆ ತರುವ 20 ಲೀಟರ್‌ದೇ ಬೇರೆ. ಗಾತ್ರ ಚಿಕ್ಕದಾದಷ್ಟೂ ಒಂದೊಂದು ಲೀಟರ್‌ಗೆ ತಾಗುವ ಮರ ಜಾಸ್ತಿ. ಲೆಕ್ಕ ಹಾಕಿದರೆ 20 ಲೀಟರ್ ಪೀಪಾಯಿಯಲ್ಲಿ ಅದು ದೊಡ್ಡದರ ಎರಡು ಪಟ್ಟಿಗೂ ಮೇಲೆ ಬರುತ್ತದೆ. ಸಾಲದ್ದಕ್ಕೆ ಚಿಕ್ಕದರ ಹಲಗೆ ತೆಳ್ಳಗಿರುತ್ತದೆ. ಗಾಳಿಯೂ ಜಾಸ್ತಿ, ಮರದ ರುಚಿಯೂ ಜಾಸ್ತಿ. ಓಕ್ ರುಚಿಯೇ ಬೇಕಿದ್ದರೆ ಒಂದಷ್ಟು ಓಕ್ ಚೂರುಗಳನ್ನು ಕುದಿಸಿ, ಆ ನೀರು ಚೆಲ್ಲಿ, ಚೂರುಗಳನ್ನು ಗಾಜಿನ ಪಾತ್ರೆಗೇ ಹಾಕಿ.

ನಾನು ಈಗ ನೆಚ್ಚಿಕೊಂಡಿರುವುದು ಗಾಜಿನ ಕಾರ್ಬಾಯ್, ಅಂದರೆ ದೊಡ್ಡ ಬಾಟಲಿ, ಕತ್ತು ಸಣ್ಣಗಿರುವ 19 ಲೀಟರ್‌ದು. ಅಗಲ ಬಾಯಿಯ ಜಾಡಿ ಬೇಡ. ಬಿಯರನ್ನು ಕತ್ತಿನವರೆಗೂ ತುಂಬಬೇಕು, ಆಗ ಗಾಳಿಗೆ ತೆರೆದಿರುವ ಜಾಗ ಒಂದು ಸಣ್ಣ ಬಟ್ಟಲಿನಷ್ಟು ಮಾತ್ರ. ಮೊದಲ ಜೋರು ಹುದುಗುವಿಕೆಯ ನೊರೆಗೆ ಜಾಗ ಬೇಕಲ್ಲ, ಅದಕ್ಕೆ ಅದನ್ನು ಬೇರೆ ಪಾತ್ರೆಯಲ್ಲಿ ಮುಗಿಸಿ ಆಮೇಲೆ ಇದಕ್ಕೆ ಇಳಿಸುತ್ತೇನೆ.

ಗಾಜು ಗಾಳಿ ಬಿಡುವುದಿಲ್ಲ, ಆದರೆ ಬಿರಡೆ ಬಿಡುತ್ತದೆ. ಸಿಲಿಕೋನ್ ಬಿರಡೆ ನೋಡಲು ಗಟ್ಟಿ, ಆದರೂ ಅದರೊಳಗಿಂದ ಆಮ್ಲಜನಕ ಸಲೀಸಾಗಿ ದಾಟುತ್ತದೆ. ರಬ್ಬರ್ ವಾಸಿ. ಇನ್ನು ಏರ್‌ಲಾಕ್, ಅಂದರೆ ಒಳಗಿನ ಅನಿಲವನ್ನು ಹೊರಗೆ ಬಿಟ್ಟು ಹೊರಗಿನ ಗಾಳಿಯನ್ನು ನೀರಿನಿಂದ ತಡೆಯುವ ಪುಟ್ಟ ಕೊಳವೆ. ಒಂದು ಸಲ ತಿಂಗಳುಗಟ್ಟಲೆ ನೋಡದೆ ಬಿಟ್ಟಿದ್ದೆ. ಹೋಗಿ ನೋಡಿದರೆ ನೀರೆಲ್ಲ ಆವಿಯಾಗಿ, ಪ್ಲಾಸ್ಟಿಕ್‌ನ ಒಳಗೋಡೆಯಲ್ಲಿ ಒಂದು ಬಿಳಿ ಗೆರೆ ಮಾತ್ರ ಉಳಿದಿತ್ತು. ಒಣಗಿದ ಏರ್‌ಲಾಕ್ ಅಂದರೆ ತೆರೆದ ಬಾಗಿಲು. ಈಗ ಎರಡು ವಾರಕ್ಕೊಮ್ಮೆ ನೀರು ಹಾಕುತ್ತೇನೆ. ಎಸ್ ಆಕಾರದ್ದನ್ನೇ ಬಳಸುತ್ತೇನೆ, ಯಾಕೆಂದರೆ ರಾತ್ರಿ ತಣ್ಣಗಾಗಿ ಒಳಗಿನ ಗಾಳಿ ಕುಗ್ಗಿದಾಗ ಮೂರು ತುಂಡಿನ ಏರ್‌ಲಾಕ್ ತನ್ನ ನೀರನ್ನೇ ಬಿಯರ್‌ಗೆ ಎಳೆದುಕೊಳ್ಳಬಹುದು.

ಗಾಜಿನ ವಿಷಯದಲ್ಲಿ ಒಂದು ಎಚ್ಚರಿಕೆ: ಕತ್ತು ಹಿಡಿದು ಎತ್ತಬೇಡಿ, ಕ್ರೇಟ್‌ನಲ್ಲಿಟ್ಟು ಎತ್ತಿ. ಒಡೆದರೆ ಕೈ ಕಾಲು ಸೀಳುತ್ತದೆ. ಬೆಳಕು ಬಿದ್ದರೆ ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವು ಕೆಟ್ಟ ವಾಸನೆ ಹೊಡೆಯುತ್ತದೆ, ಹಾಗಾಗಿ ದಪ್ಪ ಕಪ್ಪು ಬಟ್ಟೆ ಹೊದಿಸಿಡಿ.

ಇದೆಲ್ಲ ರಗಳೆ ಅನ್ನಿಸಿದರೆ ಸ್ಟೀಲ್ ಕೆಗ್, ಅಂದರೆ ಬಿಗಿಯಾಗಿ ಮುಚ್ಚುವ ಸ್ಟೀಲ್ ಪೀಪಾಯಿ, ಒಳ್ಳೆಯದು. ಒಡೆಯುವುದಿಲ್ಲ, ಬೆಳಕಿಲ್ಲ, ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ಆಗಾಗ ಒತ್ತಡ ಬಿಡುವುದು ಮರೆಯಬಾರದು, ಅಷ್ಟೇ. ನನಗೆ ಮಾತ್ರ ಒಳಗೆ ನಡೆಯುವುದು ಕಣ್ಣಿಗೆ ಕಾಣಬೇಕು.

ಈಗ ಬಟ್ಟೆಯ ಕೆಳಗೆ ಕೂತಿರುವ ಕಾರ್ಬಾಯ್‌ಗೆ ಒಂಬತ್ತು ತಿಂಗಳು. ಕತ್ತಿನಲ್ಲಿ ಬೆಳ್ಳಗೆ ತೆಳುವಾದ ಕೆನೆ ಕಟ್ಟಿದೆ, ಅಲ್ಲಲ್ಲಿ ಗುಳ್ಳೆ ಉಬ್ಬಿದೆ. ರುಚಿ ನೋಡಲು ಕೈ ತುರಿಸುತ್ತದೆ. ಬಿರಡೆ ತೆಗೆದ ಪ್ರತಿ ಸಲವೂ ಗಾಳಿ ಒಳಗೆ ಹೋಗುತ್ತದೆ, ಅದಕ್ಕೇ ವರ್ಷ ತುಂಬುವವರೆಗೆ ಮುಟ್ಟುವುದಿಲ್ಲ.