ದಂಡ ಯಾವುದು, ಕೇಸು ಯಾವುದು: ಕೊಡಗಿನಿಂದ ಬಂದು ಅಮೆರಿಕದಲ್ಲಿ ಸ್ಟಿಯರಿಂಗ್ ಹಿಡಿಯುವವರಿಗೆ

ಮಾಕುಟ್ಟದ ಘಾಟಿ ಇಳಿದು ಕೂಟುಪುಳ ಸೇತುವೆ ದಾಟಿ ಕೇರಳಕ್ಕೆ ಹೋದರೆ ಬೋರ್ಡಿನ ಅಕ್ಷರ ಬದಲಾಗುತ್ತದೆ, ಮೋಟಾರು ವಾಹನ ಕಾಯ್ದೆ ಬದಲಾಗುವುದಿಲ್ಲ. ವಿರಾಜಪೇಟೆಗೂ ಇರಿಟ್ಟಿಗೂ 1988ರ ಅದೇ ಕಾಯ್ದೆ. ಅಮೆರಿಕದಲ್ಲಿ ಈ ಅಂದಾಜು ನಡೆಯುವುದಿಲ್ಲ. ಇಲ್ಲಿ ರಸ್ತೆಯ ಕಾನೂನು ಮಾಡುವುದು ಆಯಾ ರಾಜ್ಯ. 70 ಮೈಲಿ ಮಿತಿಯ ಹೆದ್ದಾರಿಯಲ್ಲಿ ಗಂಟೆಗೆ 86 ಮೈಲಿ, ಅಂದರೆ ಸುಮಾರು 138 ಕಿಲೋಮೀಟರ್ ವೇಗದಲ್ಲಿ ಹೋದರೆ ಕ್ಯಾಲಿಫೋರ್ನಿಯಾದಲ್ಲಿ ಅದು ದಂಡ ಕಟ್ಟಿ ಮುಗಿಸುವ ತಪ್ಪು. ವರ್ಜೀನಿಯಾದಲ್ಲಿ ಅದೇ ವೇಗ ಕ್ರಿಮಿನಲ್ ಅಪರಾಧ.

ಮಕ್ಕಳ ಮನೆಗೆ ಆರು ತಿಂಗಳು ಬಂದಿರುವ ಅಪ್ಪ-ಅಮ್ಮ, ಓದಲು ಬಂದ ಹುಡುಗರು, ಕೆಲಸದ ವೀಸಾದಲ್ಲಿ ಇರುವವರು, ಎಲ್ಲರೂ ಮೊದಲು ತಿಳಿಯಬೇಕಾದ್ದು ಈ ವ್ಯತ್ಯಾಸವನ್ನೇ. ಇಲ್ಲಿ ಸಂಚಾರದ ತಪ್ಪುಗಳಿಗೆ ಮೂರು ಮೆಟ್ಟಿಲು. ಇನ್‌ಫ್ರಾಕ್ಷನ್ ಎಂದರೆ ದಂಡ. ಮಿಸ್‌ಡಿಮೀನರ್ ಎಂದರೆ ಕ್ರಿಮಿನಲ್ ಕೇಸು, ಸಾಮಾನ್ಯವಾಗಿ ಒಂದು ವರ್ಷದವರೆಗೆ ಜೈಲಾಗಬಹುದು. ಫೆಲನಿ ಅದಕ್ಕಿಂತ ದೊಡ್ಡದು. ಪೊಲೀಸರು ಕೈಗೆ ಕೊಡುವ ನೋಟಿಸು, ಅಂದರೆ ಟಿಕೆಟ್, ಮೂರಕ್ಕೂ ಹೆಚ್ಚುಕಡಿಮೆ ಒಂದೇ ಥರ ಕಾಣುವುದರಿಂದಲೇ ನಮ್ಮವರು ಎಡವುತ್ತಾರೆ. ಅದರಲ್ಲಿ ಬರೆದ ಸೆಕ್ಷನ್ ಸಂಖ್ಯೆ, ಕೋರ್ಟಿಗೆ ಖುದ್ದಾಗಿ ಬರಬೇಕೇ, ಆನ್‌ಲೈನಿನಲ್ಲಿ ಕಟ್ಟಿದರೆ ಸಾಕೇ ಎಂಬುದನ್ನು ಅದೇ ದಿನ ಓದಿಕೊಳ್ಳಿ. ಇನ್ನೊಂದು ಮಾತು: ದಂಡ ಕಟ್ಟುವುದೆಂದರೆ ಬಹುತೇಕ ಕಡೆ ತಪ್ಪು ಒಪ್ಪಿಕೊಂಡಂತೆ.

ವರ್ಜೀನಿಯಾದ ಲೆಕ್ಕ ಹೀಗಿದೆ. ಮಿತಿಗಿಂತ 20 ಮೈಲಿ ಅಥವಾ ಹೆಚ್ಚು ಓಡಿಸಿದರೆ, ಇಲ್ಲವೇ ಮಿತಿ ಎಷ್ಟೇ ಇರಲಿ 85 ಮೈಲಿ ದಾಟಿದರೆ ರೆಕ್‌ಲೆಸ್ ಡ್ರೈವಿಂಗ್, ಅಂದರೆ ಅಜಾಗರೂಕ ಚಾಲನೆ. 55 ಮೈಲಿಯ ರಸ್ತೆಯಲ್ಲಿ 75ಕ್ಕೆ ಮುಟ್ಟಿದರೂ ಸಾಕು. ಇದು ಕ್ಲಾಸ್ 1 ಮಿಸ್‌ಡಿಮೀನರ್, ಗರಿಷ್ಠ 12 ತಿಂಗಳ ಜೈಲು, 2,500 ಡಾಲರ್ ದಂಡ. ಮೊದಲ ಸಲದವರನ್ನು ಜೈಲಿಗೆ ಕಳಿಸುವುದು ಅಪರೂಪ, ಆದರೆ ಕ್ರಿಮಿನಲ್ ದಾಖಲೆ ಉಳಿದುಬಿಡುತ್ತದೆ. ಇಂಥ ಕೇಸಿಗೆ ಸ್ಥಳೀಯ ವಕೀಲರನ್ನು ಹಿಡಿಯುವುದೇ ಸರಿ. ವೇಗಮಾಪಕದ ಸರಿತನದ ಪ್ರಮಾಣಪತ್ರ, ಡ್ರೈವಿಂಗ್ ತರಗತಿ ಮುಗಿಸಿದ ಪತ್ರ ಮುಂದಿಟ್ಟು, ಕೇಸನ್ನು ಕ್ರಿಮಿನಲ್ ಅಲ್ಲದ ತಪ್ಪಿಗೆ ಇಳಿಸಿಕೊಡುವಂತೆ ಅವರು ಕೇಳಬಲ್ಲರು.

ಫ್ಲೋರಿಡಾ 2025ರ ಜುಲೈ 1ರಿಂದ ಇದೇ ದಾರಿ ಹಿಡಿದಿದೆ. ಮಿತಿಗಿಂತ 50 ಮೈಲಿ ಹೆಚ್ಚು, ಅಥವಾ ಬೇರೆಯವರಿಗೆ ಅಪಾಯವಾಗುವ ರೀತಿಯಲ್ಲಿ 100 ಮೈಲಿ ದಾಟಿ ಓಡಿಸಿದರೆ ಮೊದಲ ಸಲವೇ 30 ದಿನದವರೆಗೆ ಜೈಲು, ಅಥವಾ 500 ಡಾಲರ್ ದಂಡ, ಅಥವಾ ಎರಡೂ. ಎರಡನೇ ಸಲಕ್ಕೆ 90 ದಿನ, 1,000 ಡಾಲರ್. ಇದನ್ನು ಕೇಳಿ ಯಾರೂ ಅಚ್ಚರಿಪಡಬೇಕಿಲ್ಲ. ಕರ್ನಾಟಕದಲ್ಲೂ 2024ರ ಆಗಸ್ಟ್ 1ರಿಂದ 130 ಕಿಲೋಮೀಟರ್ ದಾಟಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮ ಬಂದಿದೆ. ಕುಶಾಲನಗರದಿಂದ ಬೆಂಗಳೂರಿಗೆ ಎಕ್ಸ್‌ಪ್ರೆಸ್‌ವೇ ಹಿಡಿಯುವವರಿಗೂ ಈ ಅಭ್ಯಾಸ ಬೇಕಾದದ್ದೇ.

ಫ್ಲೋರಿಡಾದಲ್ಲೇ 2025ರ ಅಕ್ಟೋಬರ್ 1ರಿಂದ ಇನ್ನೆರಡು ಬದಲಾವಣೆ. ನಂಬರ್ ಪ್ಲೇಟನ್ನು ಬೇಕೆಂದೇ ಮರೆಮಾಡಿದರೆ, ಅಕ್ಷರ ಮಸುಕಾಗುವಂತೆ ಹೊದಿಕೆ ಹಾಕಿದರೆ ಅದು ಬರೀ ದಂಡವಲ್ಲ, ಮಿಸ್‌ಡಿಮೀನರ್. ಕುಡಿದ ಅನುಮಾನದ ಮೇಲೆ ಹಿಡಿದಾಗ ಉಸಿರು ಪರೀಕ್ಷೆಗೆ ಒಪ್ಪದಿದ್ದರೆ ಹಿಂದೆ ಮೊದಲ ಸಲಕ್ಕೆ ಲೈಸೆನ್ಸ್ ಮಾತ್ರ ಅಮಾನತಾಗುತ್ತಿತ್ತು. ಈಗ ನಿರಾಕರಣೆಯೇ ಅಪರಾಧ, 60 ದಿನದವರೆಗೆ ಜೈಲಾಗಬಹುದು.

ಕುಡಿತದ ಮಾತನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಮದುವೆಯಿರಲಿ, ಕೈಲ್‌ಪೊಳ್ದ್ ಹಬ್ಬವಿರಲಿ, ಗ್ಲಾಸು ಕೈಗೆ ಬರುವುದು ನಮ್ಮ ಕಡೆಯ ಉಪಚಾರ. ಭಾರತದಲ್ಲಿ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ 80, ಯೂಟಾದಲ್ಲಿ ಮಾತ್ರ 50. ಅಂಕಿ ನೋಡಿ ಇಲ್ಲಿ ಸಡಿಲ ಎಂದುಕೊಂಡರೆ ಕೆಟ್ಟಿರಿ. ಮಿತಿ ದೊಡ್ಡದು, ಶಿಕ್ಷೆ ಅದಕ್ಕಿಂತ ದೊಡ್ಡದು: ಕೈಗೆ ಬೇಡಿ, ಬೆರಳಚ್ಚು, ಠಾಣೆಯಲ್ಲಿ ರಾತ್ರಿ, ಕಾರು ಎಳೆದೊಯ್ದದ್ದಕ್ಕೆ ಬೇರೆ ಬಿಲ್ಲು. 80ಕ್ಕಿಂತ ಕಡಿಮೆ ಇದ್ದರೂ ಓಡಿಸುವ ರೀತಿ ಕೆಟ್ಟಿದ್ದರೆ ಬಂಧಿಸಬಹುದು. ಊರಿಂದ ತಂದ ಮನೆವೈನಿನ ಬಾಟಲಿಯ ಮುಚ್ಚಳ ಒಮ್ಮೆ ತೆಗೆದಿದ್ದರೆ ಅದನ್ನು ಸೀಟಿನ ಕೆಳಗೋ ಬಾಗಿಲಿನ ಖಾನೆಯಲ್ಲೋ ಇಡಬಾರದು. ಬಾಟಲಿ ತೆರೆದಿದೆ ಎಂಬುದೇ ಹೆಚ್ಚಿನ ರಾಜ್ಯಗಳಲ್ಲಿ ತಪ್ಪು, ಓಡಿಸುವವನು ಕುಡಿಯದಿದ್ದರೂ ಸರಿ. ಅದರ ಜಾಗ ಕಾರಿನ ಹಿಂದೆ ಸಾಮಾನು ಇಡುವ ಡಿಕ್ಕಿ.

ಶಾಲಾ ಬಸ್ಸು ಇಲ್ಲಿ ಬೇರೆಯೇ ಗೌರವದ ವಾಹನ. ಹಳದಿ ಬಸ್ಸು ಕೆಂಪು ದೀಪ ಮಿನುಗಿಸಿ, ಪಕ್ಕದ ಸ್ಟಾಪ್ ಫಲಕ ಚಾಚಿತೆಂದರೆ ಹಿಂದಿನವರೂ ಎದುರಿನವರೂ ನಿಲ್ಲಬೇಕು. ನಡುವೆ ಹುಲ್ಲಿನ ಪಟ್ಟಿಯೋ ಕಾಂಕ್ರೀಟಿನ ಗೋಡೆಯೋ ಇದ್ದರೆ ಎದುರು ಬರುವವರಿಗೆ ಸಾಮಾನ್ಯವಾಗಿ ವಿನಾಯಿತಿ. ಬರೀ ಹಳದಿ ಗೆರೆ ಇದ್ದರೆ ಇಲ್ಲ. ಜಾರ್ಜಿಯಾದಲ್ಲಿ 2024ರ ಜುಲೈಯಿಂದ ಹೀಗೆ ನಿಂತ ಬಸ್ಸನ್ನು ದಾಟಿದರೆ ಕನಿಷ್ಠ ದಂಡವೇ 1,000 ಡಾಲರ್, ಜೈಲಿಗೂ ಅವಕಾಶವಿದೆ. ವರ್ಜೀನಿಯಾದಲ್ಲಿ ಇದೂ ರೆಕ್‌ಲೆಸ್ ಡ್ರೈವಿಂಗ್. ಊರಿನಲ್ಲಿ ತೋಟದ ಗೇಟಿನ ಮುಂದೆ ಶಾಲೆಯ ವ್ಯಾನು ನಿಂತರೆ ಹಾರ್ನ್ ಹೊಡೆದು ಪಕ್ಕದಲ್ಲಿ ನುಸುಳುವ ಕೈ ಇಲ್ಲಿ ತಾನಾಗಿಯೇ ಅದೇ ಕೆಲಸ ಮಾಡಲು ಹೋಗುತ್ತದೆ. ಮೊದಲ ವಾರ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಓಡಿಸದಿರುವುದೇ ಒಳ್ಳೆಯದು.

ಫೋನಿನ ವಿಷಯದಲ್ಲಿ ಒಂದೊಂದಾಗಿ ಹಲವು ರಾಜ್ಯಗಳು ಬಿಗಿಯಾಗುತ್ತಿವೆ. ಪೆನ್ಸಿಲ್ವೇನಿಯಾದಲ್ಲಿ 2025ರ ಜೂನ್ 5ರಿಂದ ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ, ಕೆಂಪು ದೀಪಕ್ಕೆ ನಿಂತಾಗಲೂ ಇಲ್ಲ. ಮೊದಲ ವರ್ಷ ಎಚ್ಚರಿಕೆ, ಆಮೇಲೆ 50 ಡಾಲರ್ ದಂಡ. ದಕ್ಷಿಣ ಕೆರೊಲಿನಾದಲ್ಲಿ 2025ರ ಸೆಪ್ಟೆಂಬರ್ 1ರಿಂದ ಇಂಥದೇ ಕಾನೂನು, ಮೊದಲ 180 ದಿನ ಎಚ್ಚರಿಕೆ, ನಂತರ 100 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಮಾತಾಡದೆ ಬರೀ ನಕ್ಷೆ ನೋಡಲು ಫೋನ್ ಹಿಡಿದರೂ ತಪ್ಪೇ ಎಂದು 2025ರ ಜೂನ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿದೆ. ಡ್ಯಾಶ್‌ಬೋರ್ಡಿಗೆ ಅಥವಾ ಗಾಜಿನ ಕೆಳಮೂಲೆಗೆ ಸ್ಟ್ಯಾಂಡ್ ಸಿಕ್ಕಿಸಿ, ಒಂದೇ ಒಂದು ಸಲ ಬೆರಳು ಮುಟ್ಟಿಸಬಹುದು, ಅಷ್ಟೇ. ಮೂಲ ದಂಡ 20 ಡಾಲರ್ ಎಂದು ಓದಿ ಹಗುರ ಮಾಡಬೇಡಿ; ಕೋರ್ಟಿನ ಶುಲ್ಕಗಳು ಸೇರಿ ಅದು 100 ದಾಟುತ್ತದೆ. ಭಾಡಿಗೆ ಕಾರು ತೆಗೆದುಕೊಳ್ಳುವವರು ಹತ್ತು ಡಾಲರಿನ ಸ್ಟ್ಯಾಂಡೊಂದನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಬನ್ನಿ.

ಕ್ಯಾಲಿಫೋರ್ನಿಯಾಕ್ಕೆ ಬರುವವರಿಗೆ ಇನ್ನು ಕೆಲವು. ಪಾದಚಾರಿ ದಾಟುವ ಜಾಗಕ್ಕೆ ಮುಂಚಿನ 20 ಅಡಿಯೊಳಗೆ ಕಾರು ನಿಲ್ಲಿಸುವಂತಿಲ್ಲ. ಅಂಚಿಗೆ ಕೆಂಪು ಬಣ್ಣ ಇಲ್ಲದಿದ್ದರೂ, ನೆಲದ ಮೇಲೆ ಪಟ್ಟಿ ಬಳಿದಿಲ್ಲದಿದ್ದರೂ ಅನ್ವಯಿಸುತ್ತದೆ. 2025ರಿಂದ ಇದಕ್ಕೆ ಟಿಕೆಟ್ ಕೊಡುತ್ತಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೇಗದ ಕ್ಯಾಮೆರಾಗಳಿವೆ: ಮಿತಿಗಿಂತ 11ರಿಂದ 15 ಮೈಲಿ ಹೆಚ್ಚಾದರೆ 50 ಡಾಲರ್, 16ರಿಂದ 25ಕ್ಕೆ 100, ಅದಕ್ಕೂ ಮೇಲೆ 200. ಅಪ್ಪ ಓಡಿಸಿದರೂ ನೋಟಿಸು ಬರುವುದು ಕಾರಿನ ಒಡೆಯನಾದ ಮಗನ ಹೆಸರಿಗೆ. ಇದು ಕ್ರಿಮಿನಲ್ ಅಲ್ಲ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕದ ಪಾಯಿಂಟೂ ಬೀಳುವುದಿಲ್ಲ.

2026ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಹಜಾರ್ಡ್ ದೀಪ ಹಾಕಿ ರಸ್ತೆಬದಿ ನಿಂತ ಯಾವುದೇ ವಾಹನವಿರಲಿ, ಪಕ್ಕದ ಲೇನಿಗೆ ಸರಿಯಬೇಕು, ಸಾಧ್ಯವಿಲ್ಲದಿದ್ದರೆ ನಿಧಾನಿಸಬೇಕು. ಮೊದಲು ಇದು ಪೊಲೀಸು, ಆಂಬುಲೆನ್ಸ್, ಟೋ ಲಾರಿಯಂಥವಕ್ಕೆ ಇತ್ತು. ಸಂಪಾಜೆ ಘಾಟಿಯ ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡೇ ಓಡಿಸುವವರು ಇದನ್ನು ನೆನಪಿಡಿ. ಇಲ್ಲಿ ಆ ದೀಪ ಕಂಡವರು ಎದುರಿನ ಗಾಡಿ ನಿಂತಿದೆ ಎಂದೇ ತಿಳಿಯುತ್ತಾರೆ. ಮಳೆಯಲ್ಲಿ ಬೇಕಾದ್ದು ಹೆಡ್‌ಲೈಟು. ವೈಪರ್ ಓಡುತ್ತಿರುವಷ್ಟು ಹೊತ್ತೂ ಅದು ಉರಿಯುತ್ತಿರಬೇಕೆಂಬುದು ಕ್ಯಾಲಿಫೋರ್ನಿಯಾದ ನಿಯಮ.

ಪೊಲೀಸರು ಹಿಂದಿನಿಂದ ದೀಪ ಮಿನುಗಿಸಿದಾಗ ನಮ್ಮವರು ಮಾಡುವ ತಪ್ಪು ಒಂದೇ: ಕಾರಿನಿಂದ ಇಳಿದು ಅವರತ್ತ ನಡೆಯುವುದು. ಊರಿನಲ್ಲಿ ಅದು ಮರ್ಯಾದೆ. ಇಲ್ಲಿ ಅದನ್ನು ಅವರು ಬೆದರಿಕೆಯೆಂದು ಕಾಣುತ್ತಾರೆ. ಬಲಗಡೆಯ ಇಂಡಿಕೇಟರ್ ಹಾಕಿ ರಸ್ತೆಯ ಬಲ ಅಂಚಿಗೆ ನಿಲ್ಲಿಸಿ. ಎಂಜಿನ್ ಆರಿಸಿ, ಗಾಜು ಇಳಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ. ಎರಡೂ ಕೈ ಸ್ಟಿಯರಿಂಗಿನ ಮೇಲಿರಲಿ. ಕಾಗದ ತೆಗೆಯಲು ಕೈ ಚಾಚುವ ಮೊದಲು ಹೇಳಿ, ಒಪ್ಪಿದ ಮೇಲೆ ತೆಗೆಯಿರಿ. ಹಿಂದಿನ ಸೀಟಿನ ಮಾವನೂ ಇಳಿಯಬಾರದು. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ, ಪ್ರಶ್ನೆ ಕೇಳುವ ಮೊದಲು ಯಾಕೆ ನಿಲ್ಲಿಸಿದೆ ಎಂದು ಅಧಿಕಾರಿಯೇ ಹೇಳಬೇಕು. ಟಿಕೆಟ್ ಮೇಲೆ ಸಹಿ ಮಾಡುವುದು ತಪ್ಪೊಪ್ಪಿಗೆಯಲ್ಲ, ಉತ್ತರ ಕೊಡುತ್ತೇನೆಂಬ ಮಾತು. ಗುರುತಿನವರ ಹೆಸರು ಹೇಳುವುದು ಉಪಯೋಗಕ್ಕೆ ಬಾರದು. ಲೈಸೆನ್ಸಿನ ಜೊತೆ ನೋಟು ಕಂಡರಂತೂ ಲಂಚದ ಕೇಸು.

ಕೊಡಗಿನವರಿಗೆ ಮಾತ್ರ ಹೇಳಬೇಕಾದ ಮಾತೊಂದಿದೆ. ಭಾರತದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿಯ ವಿನಾಯಿತಿ ಇದೆ, 2029ರವರೆಗೆ ಅದನ್ನು ಮುಂದುವರಿಸಿದ್ದಾರೆ. ಆ ವಿನಾಯಿತಿ ವಿಮಾನ ಹತ್ತುವುದಿಲ್ಲ. ಪ್ರವಾಸ, ವಿದ್ಯಾರ್ಥಿ ಅಥವಾ ಕೆಲಸದ ವೀಸಾದಲ್ಲಿ ಇರುವವರು ಬಂದೂಕು, ಮದ್ದುಗುಂಡು ಹೊಂದುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆಯ ಪರವಾನಗಿ ಪಡೆದವರಿಗೆ ಮುಂತಾಗಿ ಕೆಲವೇ ವಿನಾಯಿತಿಗಳಿವೆ. ಗೆಳೆಯನ ಕಾರು ಎರವಲು ತರುವಾಗ ಗ್ಲೋವ್ ಬಾಕ್ಸಿನಲ್ಲಿ ಪಿಸ್ತೂಲು ಇಲ್ಲವಷ್ಟೆ ಎಂದು ಕೇಳಿಕೊಳ್ಳಿ. ಜಾರ್ಜಿಯಾ, ಟೆಕ್ಸಾಸ್ ಕಡೆ ಇದು ಅತಿಯಾದ ಎಚ್ಚರಿಕೆಯಲ್ಲ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ವೀಸಾ. ಕುಡಿದು ಓಡಿಸಿದ ಆರೋಪದಲ್ಲಿ ಬಂಧನವಾದರೆ ತೀರ್ಪಿಗೂ ಕಾಯದೆ ವೀಸಾ ರದ್ದು ಮಾಡುವ ಅಧಿಕಾರ ಅಮೆರಿಕದ ವಿದೇಶಾಂಗ ಇಲಾಖೆಗಿದೆ, ಬಳಸುತ್ತಲೂ ಇದೆ. ಹೊಸ ವೀಸಾಕ್ಕೆ ಅರ್ಜಿ ಹಾಕಿದಾಗ ಅವರು ನೇಮಿಸಿದ ವೈದ್ಯರ ತಪಾಸಣೆಗೂ ಹೋಗಬೇಕಾಗುತ್ತದೆ. 2025ರ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳನ್ನು (ಸರ್ಕಾರ ಅವರ ಬಗ್ಗೆ ಇಡುವ ಗಣಕ ದಾಖಲೆ) ದಿಢೀರನೆ ರದ್ದು ಮಾಡಿದಾಗ ಅವರಲ್ಲಿ ಸಣ್ಣ ಸಂಚಾರ ಕೇಸು ಬಿಟ್ಟರೆ ಬೇರೇನೂ ಇಲ್ಲದವರೂ ಇದ್ದರು. ಎಷ್ಟೋ ದಾಖಲೆಗಳು ಕೋರ್ಟಿನ ಮೆಟ್ಟಿಲೇರಿದ ಮೇಲೆ ಮರಳಿದವು. ವೀಸಾ ಅರ್ಜಿ ಡಿಎಸ್-160ರಲ್ಲಿ ಕೇಳುವುದು ಶಿಕ್ಷೆಯಾಗಿದೆಯೇ ಎಂದಷ್ಟೇ ಅಲ್ಲ, ಬಂಧನವಾಗಿತ್ತೇ ಎಂದೂ. ಕೇಸು ಬಿದ್ದುಹೋಗಿದ್ದರೂ ಹೌದು ಎಂದೇ ಬರೆಯಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಮೂಲ ತಪ್ಪಿಗಿಂತ ಅದೇ ಭಾರವಾಗುತ್ತದೆ.

ಹೊರಡುವ ಮೊದಲು ಮಡಿಕೇರಿಯ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಸಾರಿಗೆ ಇಲಾಖೆಯ ಸಾರಥಿ ಜಾಲತಾಣದಲ್ಲಿ ನಮೂನೆ 4ಎ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅದೊಂದೇ ನಡೆಯುವುದಿಲ್ಲ, ಮೂಲ ಕಾರ್ಡೂ ಜೊತೆಗಿರಬೇಕು. ಪ್ರವಾಸಿಗರಿಗೆ ಸಾಮಾನ್ಯವಾಗಿ ಇವೆರಡೂ ಸಾಕು. ನೆಲೆಸಲು ಬಂದವರು ಕ್ಯಾಲಿಫೋರ್ನಿಯಾದಲ್ಲಿ 10 ದಿನ, ಜಾರ್ಜಿಯಾ ಮತ್ತು ಫ್ಲೋರಿಡಾದಲ್ಲಿ 30 ದಿನ, ವರ್ಜೀನಿಯಾದಲ್ಲಿ 60 ದಿನದೊಳಗೆ ಅಲ್ಲಿಯ ಲೈಸೆನ್ಸ್ ಪಡೆಯಬೇಕು. ಮಗನ ಕಾರಿನ ವಿಮೆಯಲ್ಲಿ ಅಪ್ಪನ ಹೆಸರು ಸೇರಿಸಬೇಕೇ ಎಂದು ಕಂಪನಿಗೆ ಬರಹದಲ್ಲಿ ಕೇಳಿ. ಕ್ಯಾಲಿಫೋರ್ನಿಯಾದ ಕನಿಷ್ಠ ವಿಮೆ 2025ರಿಂದ ಏರಿದೆ: ಒಬ್ಬರ ಗಾಯಕ್ಕೆ 30,000, ಒಂದು ಅಪಘಾತಕ್ಕೆ 60,000, ಆಸ್ತಿ ನಷ್ಟಕ್ಕೆ 15,000 ಡಾಲರ್. ಇಲ್ಲಿಯ ಆಸ್ಪತ್ರೆ ಬಿಲ್ಲಿನ ಮುಂದೆ ಅದೂ ಸಾಲದು, 100,000ದ ಮೇಲೆಯೇ ಇಟ್ಟುಕೊಳ್ಳಿ.

ಟಿಕೆಟ್ ಕಟ್ಟದೆ ಈಗಾಗಲೇ ಊರಿಗೆ ಮರಳಿದವರಿದ್ದರೆ ಅದು ತಾನಾಗಿ ಕರಗಿಹೋಗುವುದಿಲ್ಲ, ಕೋರ್ಟಿಗೆ ಬಾರದ್ದೇ ಎರಡನೇ ಅಪರಾಧವಾಗಿ ವಾರಂಟ್ ಹೊರಡಬಹುದು. ಟಿಕೆಟ್ ಮೇಲಿನ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕೋರ್ಟಿನ ಜಾಲತಾಣಕ್ಕೆ ಹೋಗಿ ಸಂಖ್ಯೆ ಹಾಕಿದರೆ ಕೇಸಿನ ಸ್ಥಿತಿ ಕಾಣುತ್ತದೆ. ಇನ್‌ಫ್ರಾಕ್ಷನ್ ಆಗಿದ್ದರೆ ಮಡಿಕೇರಿಯಲ್ಲೇ ಕೂತು ಕಾರ್ಡಿನಿಂದ ಕಟ್ಟಬಹುದು. ಮಿಸ್‌ಡಿಮೀನರ್ ಆಗಿದ್ದರೆ ಕಟ್ಟಲು ಹೋಗಬೇಡಿ, ಮೊದಲು ವಕೀಲರು. ಮುಗಿದ ಮೇಲೆ ಕೋರ್ಟಿನ ಮೊಹರಿರುವ ಅಂತಿಮ ಆದೇಶದ ಎರಡು ಪ್ರತಿ ತರಿಸಿ, ಒಂದನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ.