ಸೋರಿಕೆ ಇಲ್ಲ, ಆದ್ರೂ ಪ್ರೆಷರ್ ಇಳೀತಿದೆ: ಕಫ್ ಮೀಟರ್ ಪ್ರಗತಿ

ಕೊನೆಗೂ ಕಳ್ಳ ಸಿಕ್ಕಿದ. ಅರಿವಳಿಕೆ ಕೊಟ್ಟಾಗ ಉಸಿರಾಟಕ್ಕೆ ಶ್ವಾಸನಾಳಕ್ಕೆ ಇಳಿಸೋ ಟ್ಯೂಬಿನ ಸುತ್ತ, ಸಂದು ಮುಚ್ಚೋಕೆ ಗಾಳಿ ತುಂಬೋ ಒಂದು ಚೀಲ ಇರುತ್ತೆ, ಅದೇ ಕಫ್. ಅದರೊಳಗಿನ ಒತ್ತಡ ಅಳೆಯೋ ಮೀಟರ್ ಮನೆಯಲ್ಲೇ ಮಾಡ್ತಿದೀನಿ.

ಪರೀಕ್ಷೆಗೆ ಮೇಜಿನ ಮೇಲೆ ಜೋಡಿಸಿರೋದು ಇಷ್ಟು: ಶ್ವಾಸನಾಳದ ಬದಲು 20 ಎಂ.ಎಲ್. ಸಿರಿಂಜಿನ ಕೊಳವೆ, ಅದರೊಳಗೆ ಅವಧಿ ಮುಗಿದ 7.5 ಸೈಜಿನ ಟ್ಯೂಬು, ಮೂರು ದಾರಿಯ ಪುಟ್ಟ ನಲ್ಲಿ (ತ್ರೀ-ವೇ), ಒತ್ತಡ ಅಳೆಯೋ ಎಂಪಿಎಕ್ಸ್5010 ಸೆನ್ಸರ್, ಅದನ್ನು ಓದೋಕೆ ಆರ್ಡುಯಿನೋ ನ್ಯಾನೋ ಬೋರ್ಡು. ಯು-ಟ್ಯೂಬಿಗೆ ಬಣ್ಣದ ನೀರು ಹಾಕಿ ಕ್ಯಾಲಿಬ್ರೇಷನ್ ಮುಗೀತು. 25 ಸೆಂ.ಮೀ. ನೀರಿಗೆ 1.3 ವೋಲ್ಟ್, ಲೆಕ್ಕಕ್ಕೆ ಸರಿ.

ಗೋಳು ಆಮೇಲಿನದು. ಕಫ್‌ಗೆ 28ರವರೆಗೆ ಗಾಳಿ ತುಂಬಿ, ಮೀಟರ್ ಕಿತ್ತು, ತಕ್ಷಣ ಮತ್ತೆ ಸಿಕ್ಕಿಸಿದರೆ 23. ಇನ್ನೊಂದು ಸಲ ಮಾಡಿದರೆ 19! ಇರಬೇಕಾದ್ದು 20ರಿಂದ 30ರೊಳಗೆ. ಮೇಲೆ ಹೋದರೆ ಶ್ವಾಸನಾಳದ ಒಳಪೊರೆಗೆ ರಕ್ತ ಸರಿಯಾಗಿ ಹರಿಯಲ್ಲ, ಕೆಳಗಿಳಿದರೆ ಗಂಟಲಲ್ಲಿ ನಿಂತ ಎಂಜಲು ಶ್ವಾಸಕೋಶಕ್ಕೆ ಜಾರುತ್ತೆ. ಇಂಥ ಕಡೆ ಐದು ಪಾಯಿಂಟ್ ಮಾಯ ಆದರೆ ಮೀಟರ್ ಯಾಕೆ, ಕವಡೆ ಸಾಕು.

ತ್ರೀ-ವೇ ಮೇಲೆ ಅನುಮಾನ ಬಂದು ಧನ್ವಂತರಿ ರಸ್ತೆಯಿಂದ ಹೊಸದು ತಂದೆ. ಕಫ್ ಬಕೆಟ್ಟಿನಲ್ಲಿ ಮುಳುಗಿಸಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಸುಮ್ಮನೆ ಸಿಕ್ಕಿಸಿಟ್ಟರೆ ರಾತ್ರಿಯಿಡೀ ಅಲ್ಲಾಡಲ್ಲ, ಕಿತ್ತಾಗ ಮಾತ್ರ ಇಳಿಯುತ್ತೆ. ಅಲ್ಲೇ ಉತ್ತರ ಇತ್ತು. ಮೀಟರಿನ ಒಂದು ಮೀಟರ್ ಉದ್ದದ ಪೈಪಿನಲ್ಲಿ ಇರೋದು ಹೊರಗಿನ ಒತ್ತಡದ ಗಾಳಿ. ಸಿಕ್ಕಿಸಿದಾಗಲೆಲ್ಲ ಅದನ್ನೂ ಒತ್ತೋಕೆ ಬೇಕಾದ ಗಾಳಿ ಕಫ್ ಜೇಬಿಂದಲೇ ಹೋಗ್ತಿತ್ತು. ಪೈಪ್ ಗೇಣುದ್ದಕ್ಕೆ ಕತ್ತರಿಸಿ, ಸಿಕ್ಕಿಸೋ ಮೊದಲೇ ಅದಕ್ಕೆ 25 ತುಂಬಿಸಿ, ಆಮೇಲೆ ತ್ರೀ-ವೇ ತಿರುಗಿಸಿದೆ. ಈಗ ವ್ಯತ್ಯಾಸ ಒಂದು ಪಾಯಿಂಟೂ ಇಲ್ಲ.

ಸಪ್ಲೈಯರ್ ಮಹಾಶಯರ ಬಗ್ಗೆ ಎರಡು ಮಾತು. ಬೆಂಗಳೂರಿನ ಅಂಗಡಿಯವರು ಮೊದಲು ಕಳಿಸಿದ್ದು ಎಂಪಿಎಕ್ಸ್5050. ನೋಡೋಕೆ ಅವಳಿಜವಳಿ. ಫೋನ್ ಮಾಡಿದರೆ 'ದೊಡ್ಡದೇ ಕಳ್ಸಿದೀವಲ್ಲ ಸಾರ್!' ಇರಲಿ, 50 ಕಿಲೋಪಾಸ್ಕಲ್ ಅಂದ್ರೆ ಐದು ಮೀಟರ್ ನೀರು. ನಮ್ಮ ಮನೆಯ ನೀರಿನ ಸಂಪ್‌ಗೆ ಹೇಳಿ ಮಾಡಿಸಿದ ಹಾಗಿದೆ. ಕಾವೇರಿ ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ತುಂಬಿತು, ಎಲ್ಲ ಮೊಬೈಲಿಗೇ. ತಳಕ್ಕೆ ಒಂದು ಪೈಪ್ ಇಳಿಬಿಟ್ಟರೆ ಆಯ್ತು. ಅದು ಮುಂದಿನ ಪ್ರಾಜೆಕ್ಟ್.

ಇನ್ನು ಅಸಲಿ ಪರೀಕ್ಷೆ: ಬೆರಳಲ್ಲೇ ಒತ್ತಡ ಹೇಳೋಕಾಗುತ್ತಾ? ಅತ್ತಿಗೆ ಅರಿವಳಿಕೆ ತಜ್ಞೆ, ಸರ್ವಿಸ್ ಜಾಸ್ತಿ. ಪೈಲಟ್ ಬಲೂನ್ (ಕಫ್‌ಗೆ ಸೇರಿಕೊಂಡು ಹೊರಗೆ ಇರೋ ಪುಟ್ಟ ಬಲೂನ್) ಹಿಚುಕಿ, 'ಇಪ್ಪತ್ತೈದು, ಬರ್ಕೊ' ಅಂದರು. ಮೀಟರಿನಲ್ಲಿ 48. ಜೊತೆಗೆ ಬಂದಿದ್ದ ಹೌಸ್ ಸರ್ಜನ್ ಹುಡುಗಿ 30 ಅಂದಳು. ಇಬ್ಬರದೂ ಢಮಾರ್. ಅತ್ತಿಗೆ ಬೇರೆ ಕಂಪನಿಯ ಟ್ಯೂಬಿಗೂ ಕೈಹಾಕಿ ನೋಡಿದರು. ಪ್ರೆಷರ್ ಅಷ್ಟೇ ಇಟ್ಟಿದ್ದೆ, ಬಲೂನ್ ಪ್ಲಾಸ್ಟಿಕ್ ಗಡಸು. 'ಇದು ಜಾಸ್ತಿ ಇದೆ' ಅಂದುಬಿಟ್ಟರು. ಬೆರಳಿಗೆ ಸಿಗೋದು ಗಾಳಿಯ ಜೊತೆ ಪ್ಲಾಸ್ಟಿಕ್ಕಿನ ಬಿಗಿಯೂ ಹೌದು. ಎಷ್ಟು ವರ್ಷ ಹಿಚುಕಿದರೂ ಎರಡನ್ನೂ ಬೇರೆ ಮಾಡೋಕಾಗಲ್ಲ.

ಮುಂದಿನ ವರ್ಷನ್ನಿನಲ್ಲಿ ಊಹಿಸಿದ ಅಂಕಿಯನ್ನು ಬಟನ್ ಒತ್ತಿ ಹಾಕೋವರೆಗೆ ಡಿಸ್‌ಪ್ಲೇ ಬೆಳಗಬಾರದು. ಅತ್ತಿಗೆ ಇಣುಕಿ ನೋಡ್ತಾರೆ.